ಓಟಿಪಿ ಯಾರ ಫೋನಿಗೆ ಬರುತ್ತದೆ?

ಸರ್ಕಾರಿ ಸೇವೆಗಳಿಗೆ ‘ಒಂದೇ ಲಾಗಿನ್’: ಒಂದು ಸಮೀಕ್ಷೆ

ಜೂನ್ ತಿಂಗಳಲ್ಲಿ ಗಂಗಾವತಿಯ ಯಾವ ಆನ್‌ಲೈನ್ ಸೆಂಟರಿಗೆ ಕಾಲಿಟ್ಟರೂ ಒಂದು ಮಾತು ಕಿವಿಗೆ ಬೀಳುತ್ತದೆ: “ಓಟಿಪಿ ಬಂತೇನ್ ನೋಡ್ರಿ.” ಮಗಳ ಕಾಲೇಜು ಪ್ರವೇಶಕ್ಕೆ ಜಾತಿ–ಆದಾಯ ಪ್ರಮಾಣಪತ್ರ ಬೇಕು, 371(ಜೆ) ಅರ್ಹತಾ ಪ್ರಮಾಣಪತ್ರ ಬೇಕು, ವಿದ್ಯಾರ್ಥಿವೇತನದ ಅರ್ಜಿಯೂ ಆಗಬೇಕು ಎಂದು ತಾಯಿ ಬಂದು ಕುಳಿತಿರುತ್ತಾಳೆ. ಓಟಿಪಿ ಬರುವ ಫೋನು ಕಟ್ಟಡ ಕೆಲಸಕ್ಕೆಂದು ಬೆಂಗಳೂರಿಗೆ ಹೋದ ಗಂಡನ ಜೇಬಿನಲ್ಲಿರುತ್ತದೆ. ಅಂಗಡಿಯವನ ಫೋನಿನಿಂದ ಆತನಿಗೆ ಕರೆ ಹೋಗುತ್ತದೆ. ಅವನು ಸಾರಣೆ ಕೆಲಸ ನಿಲ್ಲಿಸಿ, ಕೈ ಒರೆಸಿಕೊಂಡು, ಬಂದ ಅಂಕಿಗಳನ್ನು ಒಂದೊಂದಾಗಿ ಓದಿ ಹೇಳಬೇಕು. ಅಷ್ಟರಲ್ಲಿ ಸಮಯ ಮೀರಿದರೆ ಮತ್ತೆ ಮೊದಲಿನಿಂದ.

ಇದು ಒಂದು ಬಾಗಿಲಿನ ಕತೆ. ಅಂಥ ಬಾಗಿಲುಗಳು ಬಹಳ ಇವೆ. ಜಾತಿ–ಆದಾಯಕ್ಕೆ ನಾಡಕಚೇರಿಯ ಜಾಲತಾಣ, ಪಹಣಿಗೆ ‘ಭೂಮಿ’, ಗ್ರಾಮ ಪಂಚಾಯಿತಿ ಆಸ್ತಿಗೆ ‘ಇ–ಸ್ವತ್ತು’, ನಗರಸಭೆ ಆಸ್ತಿಗೆ ‘ಇ–ಆಸ್ತಿ’, ನೋಂದಣಿಗೆ ‘ಕಾವೇರಿ’, ರೈತರ ಸೌಲಭ್ಯಕ್ಕೆ ‘ಫ್ರೂಟ್ಸ್’, ವಿದ್ಯಾರ್ಥಿವೇತನಕ್ಕೆ ‘ಎಸ್‌ಎಸ್‌ಪಿ’, ಉಳಿದ ನೂರಾರು ಸೇವೆಗಳಿಗೆ ‘ಸೇವಾ ಸಿಂಧು’. ಒಂದು ಕಡೆ ಮೊಬೈಲ್ ಓಟಿಪಿ ಸಾಕು, ಇನ್ನೊಂದು ಕಡೆ ಪಾಸ್‌ವರ್ಡ್ ಬೇಕು, ಮತ್ತೊಂದು ಕಡೆ ಆಧಾರ್ ಸಂಖ್ಯೆಯೇ ಬೇಕು. ಹೀಗಾಗಿ ‘ಸಿಂಗಲ್ ಸೈನ್ ಆನ್’, ಅಂದರೆ ಒಮ್ಮೆ ಗುರುತು ತೋರಿಸಿ ಎಲ್ಲ ಸೇವೆಗಳ ಒಳಗೆ ಹೋಗುವ ಏರ್ಪಾಡು, ಬೇಕೆಂಬ ಮಾತು ಹುಟ್ಟಿದೆ. ಕೇಳಲು ಸರಳವಾದ ಈ ಬೇಡಿಕೆಯ ಹಿಂದೆ ಕಾಲು ಶತಮಾನದ ಚರಿತ್ರೆಯಿದೆ, ಒಂದಕ್ಕೊಂದು ಒಪ್ಪದ ಮೂರು–ನಾಲ್ಕು ವಿಚಾರಧಾರೆಗಳಿವೆ.

ಬೀಗ ಅಧಿಕಾರಿಗಿತ್ತು, ಈಗ ನಮಗೆ

ಕರ್ನಾಟಕದಲ್ಲಿ ಜನಸಾಮಾನ್ಯರಿಗೆ ಕಂಡ ಮೊದಲ ದೊಡ್ಡ ಗಣಕೀಕರಣ ‘ಭೂಮಿ’. 2000ದ ಸುಮಾರಿಗೆ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ, 67 ಲಕ್ಷ ರೈತರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಮುದ್ರಿತ ಪಹಣಿ ಕೈಗೆ ಬರುತ್ತಿತ್ತು. ಅಂದು ಗುರುತು ತೋರಿಸಬೇಕಾಗಿದ್ದವನು ರೈತನಲ್ಲ, ಅಧಿಕಾರಿ. ದಾಖಲೆ ತಿದ್ದಲು ಕೂರುವ ಸಿಬ್ಬಂದಿ ಬೆರಳಚ್ಚು ಒತ್ತಿದರಷ್ಟೇ ತಂತ್ರಾಂಶ ತೆರೆದುಕೊಳ್ಳುತ್ತಿತ್ತು. ಯಾರು, ಯಾವಾಗ, ಏನು ಬದಲಿಸಿದರು ಎಂಬುದು ಉಳಿಯಲೆಂದು ಹಾಗೆ ಮಾಡಿದ್ದರು. ರೈತನಿಗೆ ಲಾಗಿನ್ ಎಂಬುದೇ ಇರಲಿಲ್ಲ.

ಆಮೇಲಿನ ಇಪ್ಪತ್ತು ವರ್ಷಗಳಲ್ಲಿ ಬೀಗ ಪಕ್ಕ ಬದಲಿಸಿತು. 2006ರಲ್ಲಿ ಹೋಬಳಿ ಮಟ್ಟದ ‘ನೆಮ್ಮದಿ’ ಕೇಂದ್ರಗಳು ಬಂದವು. 2012ರಲ್ಲಿ ಅವುಗಳ ಜಾಗಕ್ಕೆ ಅಟಲ್‌ಜಿ ಜನಸ್ನೇಹಿ ಕೇಂದ್ರಗಳು ಬಂದವು. ಜನ ಇಂದಿಗೂ ಕರೆಯುವುದು ನಾಡಕಚೇರಿ ಎಂದೇ. ಅದೇ ವರ್ಷದ ಏಪ್ರಿಲ್ 2ರಂದು ‘ಸಕಾಲ’ ಜಾರಿಗೆ ಬಂತು. ಸಕಾಲದ ಒಂದು ಗುಣವನ್ನು ಈ ಚರ್ಚೆಯಲ್ಲಿ ಯಾರೂ ನೆನೆಯುವುದಿಲ್ಲ, ನೆನೆಯಬೇಕು. ಅರ್ಜಿ ಯಾವ ಇಲಾಖೆಯದ್ದೇ ಇರಲಿ, ಅದು ಒಂದೇ ಬಗೆಯ 15 ಅಂಕಿಯ ಸಂಖ್ಯೆ ಕೊಡುತ್ತಿತ್ತು. ಆ ಸಂಖ್ಯೆ ಹಿಡಿದು ಅರ್ಜಿ ಎಲ್ಲಿ ನಿಂತಿದೆ ಎಂದು ಕೇಳಬಹುದಿತ್ತು. ಮನುಷ್ಯನಿಗಲ್ಲ, ಅರ್ಜಿಗೆ ಗುರುತು. ನೀವು ಯಾರೆಂದು ಪದೇ ಪದೇ ಸಾಬೀತು ಮಾಡದೆಯೂ ಇಲಾಖೆಗಳನ್ನು ಒಂದು ದಾರದಲ್ಲಿ ಪೋಣಿಸಬಹುದೆಂದು ಅದು ತೋರಿಸಿತ್ತು.

ಅನಂತರ ಸೇವಾ ಸಿಂಧು, ಫ್ರೂಟ್ಸ್, ಕುಟುಂಬಗಳ ದತ್ತಾಂಶದ ‘ಕುಟುಂಬ’, ಇ–ಆಸ್ತಿ ಸಾಲುಸಾಲಾಗಿ ಬಂದವು. ಪ್ರತಿಯೊಂದನ್ನೂ ಒಂದೊಂದು ಇಲಾಖೆ ತನ್ನ ಅಗತ್ಯಕ್ಕೆ, ತನ್ನ ಹಣದಲ್ಲಿ, ತನ್ನ ಗಡುವಿಗೆ ಕಟ್ಟಿಸಿತು. ದುರುದ್ದೇಶದಿಂದಲ್ಲ. ಕಂದಾಯ ಇಲಾಖೆಯ ಕಡತ ಪೌರಾಡಳಿತಕ್ಕೆ ಹೋಗದಿದ್ದ ಕಾಲದ ಗೋಡೆಗಳೇ ತೆರೆಯ ಮೇಲೆ ಮರುಹುಟ್ಟು ಪಡೆದವು.

2023ರಲ್ಲಿ ಈ ಸಮಸ್ಯೆ ಎಲ್ಲರ ಮನೆ ಬಾಗಿಲಿಗೆ ಬಂತು. ಜೂನ್ 18ರಿಂದ ಗೃಹಜ್ಯೋತಿ, ಜುಲೈ 19ರಿಂದ ಗೃಹಲಕ್ಷ್ಮಿ ನೋಂದಣಿ. ಕೆಲವೇ ವಾರಗಳಲ್ಲಿ ಇಡೀ ರಾಜ್ಯದ ಮನೆಮನೆಯೂ ಒಂದು ಪೋರ್ಟಲ್ ಒಳಗೆ ಹೋಗಬೇಕಾಯಿತು. ಸರ್ವರ್ ತಡೆದುಕೊಳ್ಳಲಿಲ್ಲ. ‘ಸರ್ವರ್ ಬಿಜಿ’ ಎಂಬುದು ಕುಷ್ಟಗಿ, ಯಲಬುರ್ಗಾದ ಹಳ್ಳಿಗಳಲ್ಲೂ ಮನೆಮಾತಾದದ್ದು ಆಗ.

ತೂಕದ ಚೀಟಿಯ ನಂಬಿಕೆ

ಒಂದೇ ಲಾಗಿನ್ ಹೇಗೆ ಕೆಲಸ ಮಾಡುತ್ತದೆಂದು ತಿಳಿಯಲು ಗಂಗಾವತಿಯವರಿಗೆ ಕಂಪ್ಯೂಟರ್ ಪುಸ್ತಕ ಬೇಡ. ಭತ್ತದ ಲಾರಿ ವೇ ಬ್ರಿಡ್ಜ್ ಮೇಲೆ ಹತ್ತುತ್ತದೆ. ಅಲ್ಲಿ ತೂಗಿ, ಹೊತ್ತು–ತಾರೀಖು ಹಾಕಿ ಒಂದು ಚೀಟಿ ಕೊಡುತ್ತಾರೆ. ಮಿಲ್ಲಿನವನು ಲಾರಿಯನ್ನು ಮತ್ತೆ ತೂಗುವುದಿಲ್ಲ, ಚೀಟಿ ನೋಡಿ ಲೆಕ್ಕ ಬರೆದುಕೊಳ್ಳುತ್ತಾನೆ. ಮಿಲ್ಲಿಗೂ ವೇ ಬ್ರಿಡ್ಜಿಗೂ ನಡುವೆ ಒಂದು ನಂಬಿಕೆಯಿದೆ.

ಸಿಂಗಲ್ ಸೈನ್ ಆನ್‌ನಲ್ಲೂ ಗುರುತು ಪರೀಕ್ಷಿಸುವ ಕೇಂದ್ರ ಒಂದೇ. ಅದು ಪಾಸ್‌ವರ್ಡನ್ನೋ ಓಟಿಪಿಯನ್ನೋ ಬೆರಳಚ್ಚನ್ನೋ ನೋಡಿ, ಡಿಜಿಟಲ್ ಸಹಿ ಹಾಕಿದ ಒಂದು ಚೀಟಿ ಕೊಡುತ್ತದೆ. ಸೇವೆ ಕೊಡುವ ಪೋರ್ಟಲ್‌ಗಳು ಪಾಸ್‌ವರ್ಡ್ ಕೇಳದೆ ಆ ಚೀಟಿಯನ್ನು ನಂಬುತ್ತವೆ. ಅಮೆರಿಕದ ಎಂಐಟಿಯಲ್ಲಿ 1983ರಲ್ಲಿ ಶುರುವಾದ ಅಥೀನಾ ಯೋಜನೆಯಲ್ಲಿ ಹುಟ್ಟಿದ ‘ಕೆರ್ಬರೋಸ್’ ಇದೇ ಚೀಟಿಯ ಉಪಾಯವನ್ನು ಬಳಸಿತು. ಜಾಲತಾಣಗಳ ಕಾಲದಲ್ಲಿ ಸ್ಯಾಮ್ಲ್, 2014ರಲ್ಲಿ ಓಪನ್‌ಐಡಿ ಕನೆಕ್ಟ್ ಎಂಬ ಮಾನದಂಡಗಳು ಅದನ್ನೇ ಮುಂದುವರಿಸಿದವು. ತಂತ್ರಜ್ಞಾನದ ಮಟ್ಟಿಗೆ ಇದು ಬಗೆಹರಿದ ಪ್ರಶ್ನೆ.

ಎರಡು ಮಾತು ಮಾತ್ರ ನೆನಪಿಡಬೇಕು. ಚೀಟಿ ಹೇಳುವುದು ‘ಇವರು ಇಂಥವರು’ ಎಂದಷ್ಟೇ; ಅವರಿಗೆ ಸೌಲಭ್ಯ ಸಲ್ಲುತ್ತದೆಯೇ ಎಂಬುದನ್ನು ಇಲಾಖೆಯೇ ತೀರ್ಮಾನಿಸಬೇಕು. ಇನ್ನೊಂದು, ವೇ ಬ್ರಿಡ್ಜೇ ಕೆಟ್ಟರೆ ಊರಿನ ಎಲ್ಲ ಮಿಲ್ಲುಗಳ ಲೆಕ್ಕವೂ ಕೆಡುತ್ತದೆ.

ಒಂದೇ ಕೀಲಿಕೈ ಸಾಕೆನ್ನುವವರು

ಮೊದಲ ಪಂಥದವರ ವಾದ ನೇರ. ಹತ್ತು ಪಾಸ್‌ವರ್ಡ್ ನೆನಪಿಡಲಾಗದೆ ಜನ ಅವನ್ನು ಅಂಗಡಿಯ ನೋಟ್‌ಬುಕ್ಕಿನಲ್ಲಿ ಬರೆಸಿಡುತ್ತಾರೆ. ಅದಕ್ಕಿಂತ ಒಂದೇ ಗಟ್ಟಿಯಾದ ಕೀಲಿಕೈ ವಾಸಿ. ಅವರು ತೋರಿಸುವ ನಿದರ್ಶನಗಳಿಗೂ ತೂಕವಿದೆ. ರಾಜಸ್ಥಾನದಲ್ಲಿ ‘ಎಸ್‌ಎಸ್‌ಒ ಐಡಿ’ ಎಂಬುದು ಹಳ್ಳಿಯ ಹುಡುಗರ ಬಾಯಲ್ಲೂ ಇದೆ. ನೌಕರಿ ಅರ್ಜಿಯಿಂದ ವ್ಯಾಪಾರದ ಪರವಾನಗಿಯವರೆಗೆ ಅದೇ ಬಾಗಿಲು. ಸಿಂಗಪುರದ ‘ಸಿಂಗ್‌ಪಾಸ್’ 2003ರಿಂದ ನಡೆದಿದೆ. ಕೇಂದ್ರ ಸರ್ಕಾರ 2022ರ ಜುಲೈ 4ರಂದು ಗಾಂಧಿನಗರದಲ್ಲಿ ‘ಮೇರಿ ಪೆಹಚಾನ್’ ಆರಂಭಿಸಿ, ಡಿಜಿಲಾಕರ್, ಇ–ಪ್ರಮಾಣ್, ಜನ್ ಪರಿಚಯ್ ಮೂರನ್ನೂ ಒಂದೇ ಚಾವಣಿಯಡಿ ತಂದಿತು. ನಮ್ಮ ಸೇವಾ ಸಿಂಧುವಿನಲ್ಲಿ ಹೊಸ ಖಾತೆ ತೆರೆಯುವವರನ್ನೂ ಡಿಜಿಲಾಕರ್ ಮೂಲಕ ಆಧಾರ್ ಗುರುತಿಗೆ ಕಳಿಸುವ ದಾರಿಯಿದೆ.

ಸ್ಥಳೀಯ ಸಂಸ್ಥೆಗಳಿಗೆ ತೀರ ಹತ್ತಿರದ ಉದಾಹರಣೆ ಪಕ್ಕದ ಕೇರಳದ್ದು. 2024ರ ಜನವರಿ 1ರಿಂದ ಅಲ್ಲಿನ ನಗರಾಡಳಿತ ಸಂಸ್ಥೆಗಳ ಸೇವೆಗಳು ‘ಕೆ–ಸ್ಮಾರ್ಟ್’ ಎಂಬ ಒಂದೇ ವೇದಿಕೆಗೆ ಬಂದವು. ಜನನ–ಮರಣ ನೋಂದಣಿ, ಕಟ್ಟಡ ಪರವಾನಗಿ, ಆಸ್ತಿ ತೆರಿಗೆಗೆ ಒಂದೇ ಖಾತೆ ಸಾಕು. ಕೇರಳಕ್ಕೆ ಅದು ಸಾಧ್ಯವಾದದ್ದಕ್ಕೆ, ಸ್ಥಳೀಯ ಸಂಸ್ಥೆಗಳ ಗಣಕೀಕರಣವನ್ನೇ ಕಸುಬಾಗಿಸಿಕೊಂಡ ಇನ್ಫರ್ಮೇಷನ್ ಕೇರಳ ಮಿಷನ್ ಎಂಬ ಸಂಸ್ಥೆ ಅಲ್ಲಿ ದಶಕಗಳಿಂದ ಇದ್ದದ್ದು ಒಂದು ಕಾರಣವೆಂದು ನನಗೆ ಕಾಣುತ್ತದೆ.

ಸೋತ ಕತೆಯೂ ಇದೆ. ಬ್ರಿಟನ್ 2016ರಲ್ಲಿ ‘ವೆರಿಫೈ’ ಎಂಬ ಏಕ ಗುರುತಿನ ವ್ಯವಸ್ಥೆಯನ್ನು ಜಾರಿಗೆ ತಂದಿತು. 2020ರ ಹೊತ್ತಿಗೆ 2.5 ಕೋಟಿ ಬಳಕೆದಾರರು ಎಂಬ ಗುರಿಯಿತ್ತು. 2019ರ ಫೆಬ್ರುವರಿಗೆ ಬಂದವರು 36 ಲಕ್ಷ. ಪಾರ್ಕಿಂಗ್ ಪರವಾನಗಿ, ಹಿರಿಯರ ಬಸ್ ಪಾಸ್‌ಗೆ ಬಳಸಿ ನೋಡಲು ಮುಂದೆ ಬಂದಿದ್ದ ಸ್ಥಳೀಯ ಸಂಸ್ಥೆಗಳಲ್ಲಿ ಹೆಚ್ಚಿನವು ಹಿಂದೆ ಸರಿದವು. 2023ರಲ್ಲಿ ಅದನ್ನು ಮುಚ್ಚಿದರು. ಗುರುತು ಸಾಬೀತು ಮಾಡಲು ಕುಳಿತವರಲ್ಲಿ ಅರ್ಧಕ್ಕರ್ಧ ಜನ ಮೊದಲ ಯತ್ನದಲ್ಲಿ ದಾಟಲೇ ಇಲ್ಲ. ಬಾಗಿಲು ಒಂದೇ ಆದಾಗ ಅದರಲ್ಲಿ ಸಿಕ್ಕಿಬಿದ್ದವರಿಗೆ ಬೇರೆ ಬಾಗಿಲು ಇರುವುದಿಲ್ಲ.

ಲಾಗಿನ್ ಬಿಡಿ, ದಾಖಲೆ ಸೇರಿಸಿ

ಎರಡನೆಯ ಪಂಥ ಲಾಗಿನ್ ಪ್ರಶ್ನೆಯನ್ನೇ ಪಕ್ಕಕ್ಕೆ ಇಡುತ್ತದೆ. ಒಂದೇ ಬಾಗಿಲಿನಿಂದ ಒಳಗೆ ಹೋದರೂ ಪ್ರತಿ ಕೋಣೆಯಲ್ಲಿ ಅದೇ ಆದಾಯ ಪ್ರಮಾಣಪತ್ರ ಕೇಳಿದರೆ ಏನು ಬಂತು? ಸರ್ಕಾರಕ್ಕೆ ಗೊತ್ತಿರುವುದನ್ನು ಸರ್ಕಾರವೇ ನೋಡಿಕೊಳ್ಳಲಿ ಎಂಬುದು ಅವರ ಮಾತು. ಎಸ್ಟೋನಿಯಾ 2001ರಿಂದ ‘ಎಕ್ಸ್–ರೋಡ್’ ಮೂಲಕ ಇಲಾಖೆಗಳ ನಡುವೆ ಮಾಹಿತಿ ಹರಿಸುತ್ತಿರುವುದು ಇದಕ್ಕೆ ಹೆಸರಾಂತ ಮಾದರಿ. ಕರ್ನಾಟಕದ ‘ಕುಟುಂಬ’ ವ್ಯವಸ್ಥೆ ಪಡಿತರ ಚೀಟಿಯ ದತ್ತಾಂಶವನ್ನು ತಳಪಾಯ ಮಾಡಿಕೊಂಡಿದೆ. ‘ಫ್ರೂಟ್ಸ್’ ರೈತನ ಜಮೀನು, ಆಧಾರ್, ಬ್ಯಾಂಕ್ ಖಾತೆಗಳನ್ನು ಒಂದು ಎಫ್‌ಐಡಿ ಸಂಖ್ಯೆಗೆ ಕಟ್ಟಿದೆ. ಬೆಂಬಲ ಬೆಲೆಗೆ ಭತ್ತ ಕೊಡುವಾಗ, ಬೆಳೆ ಪರಿಹಾರ ಬರುವಾಗ ಅದೇ ಸಂಖ್ಯೆ ಕೆಲಸ ಮಾಡುತ್ತದೆ.

ಈ ವಾದ ಬಲವಾದದ್ದು. ಆದರೆ ನಮ್ಮ ಸೀಮೆಯ ದಾಖಲೆಗಳ ಸ್ಥಿತಿ ನೋಡಿದವರಿಗೆ ಇದರ ಕಷ್ಟವೂ ಗೊತ್ತು. ಪಹಣಿಯಲ್ಲಿ ‘ಹನುಮಪ್ಪ’, ಆಧಾರಿನಲ್ಲಿ ‘ಹನುಮಂತಪ್ಪ’, ಶಾಲೆಯ ದಾಖಲೆಯಲ್ಲಿ ‘ಹನುಮಂತ’. ಮನುಷ್ಯ ಒಬ್ಬನೇ, ಕಂಪ್ಯೂಟರಿಗೆ ಮೂವರು. ಅಜ್ಜ ತೀರಿಕೊಂಡು ವರ್ಷಗಳಾದರೂ ಪೌತಿ ಖಾತೆಯಾಗದೆ ಜಮೀನು ಅಜ್ಜನ ಹೆಸರಿನಲ್ಲೇ ಉಳಿದಿರುತ್ತದೆ. 1997ರ ಆಗಸ್ಟ್ 24ರ ಜಿಲ್ಲಾ ವಿಭಜನೆಗೆ ಮುಂಚಿನ ಕಾಗದಗಳಲ್ಲಿ ಗಂಗಾವತಿ ರಾಯಚೂರು ಜಿಲ್ಲೆಯಲ್ಲಿದೆ. ಕಾರಟಗಿ, ಕನಕಗಿರಿ ಬೇರೆ ತಾಲ್ಲೂಕುಗಳಾದ ಮೇಲೆ ಅಲ್ಲಿಯವರ ಹಳೆಯ ಕಾಗದಗಳಲ್ಲಿ ಒಂದು ತಾಲ್ಲೂಕು, ಹೊಸವುಗಳಲ್ಲಿ ಇನ್ನೊಂದು.

ಇದಕ್ಕಿಂತ ದೊಡ್ಡದು ಲಾವಣಿಯ, ಅಂದರೆ ಗೇಣಿ ಸಾಗುವಳಿಯ, ಪ್ರಶ್ನೆ. ತುಂಗಭದ್ರಾ ಎಡದಂಡೆಯ ನೀರಾವರಿಯಲ್ಲಿ ನಾಟಿ ಮಾಡುವವನು, ಗೊಬ್ಬರದ ಸಾಲ ಹೊರುವವನು ಎಷ್ಟೋ ಕಡೆ ಜಮೀನಿನ ಒಡೆಯನಲ್ಲ. ಲಾವಣಿ ಬಾಯಿಮಾತಿನಲ್ಲಿ ನಡೆಯುತ್ತದೆ. ಪಹಣಿಗೆ ಕಟ್ಟಿದ ಸಂಖ್ಯೆ ಒಡೆಯನನ್ನು ಕಾಣುತ್ತದೆ, ಉಳುವವನನ್ನು ಕಾಣುವುದಿಲ್ಲ. ದಾಖಲೆಗಳನ್ನು ಬೆಸೆದಷ್ಟೂ ದಾಖಲೆಯ ಹೊರಗಿರುವವನು ಇನ್ನಷ್ಟು ದೂರ ಹೋಗುತ್ತಾನೆ.

ತಪ್ಪು ದಾಖಲೆ ಎಲ್ಲೆಡೆ ಹರಿದರೆ ಏನಾಗುತ್ತದೆಂಬುದಕ್ಕೆ ಹರಿಯಾಣ ಸಾಕ್ಷಿ. ಕುಟುಂಬ ಗುರುತಿನ ದತ್ತಾಂಶದಲ್ಲಿ ಸತ್ತರೆಂದು ನಮೂದಾಗಿ ಪಿಂಚಣಿ ನಿಂತುಹೋದ 102 ವರ್ಷದ ಹಿರಿಯರೊಬ್ಬರು 2022ರಲ್ಲಿ ರೋಹ್ತಕ್‌ನ ಬೀದಿಯಲ್ಲಿ ಮದುವೆ ದಿಬ್ಬಣದಂತೆ ಮೆರವಣಿಗೆ ಹೊರಟು, ತಾವು ಬದುಕಿರುವುದನ್ನು ಸಾರಬೇಕಾಯಿತು.

ಬೀಗಗಳು ಬೇರೆಯೇ ಇರಲಿ

ಮೂರನೆಯವರು ಎಚ್ಚರಿಕೆಯ ಪಂಥ. ಒಬ್ಬ ಮನುಷ್ಯನ ಆಸ್ತಿ, ಕಾಯಿಲೆ, ಜಾತಿ, ಸಾಲ ಎಲ್ಲವೂ ಒಂದೇ ಕೀಲಿಕೈಗೆ ತೆರೆಯುವುದಾದರೆ, ಆ ಕೀಲಿಕೈ ಹಿಡಿದವರ ಕೈಗೆ ಅವನ ಬದುಕೇ ಸಿಗುತ್ತದೆ ಎಂಬುದು ಇವರ ಅಂಜಿಕೆ. ಇದು ಕಲ್ಪನೆಯ ಭಯವಲ್ಲ. 2014ರಲ್ಲಿ ಸಿಂಗ್‌ಪಾಸ್‌ನ 1,560 ಖಾತೆಗಳಲ್ಲಿ ಅನ್ಯರು ಕೈಯಾಡಿಸಿರಬಹುದೆಂದು ಪತ್ತೆಯಾದ ಮೇಲೆಯೇ ಅಲ್ಲಿ ಎರಡು ಹಂತದ ಪರೀಕ್ಷೆ ಬಂದದ್ದು. ನಮ್ಮ ನೆಲದ ಒಂದು ಅಧ್ಯಯನವೂ ಇದೆ. 2007ರಲ್ಲಿ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು, ‘ಭೂಮಿ’ ದಾಖಲೆಗಳನ್ನು ಒಂದೆಡೆ ಸೇರಿಸಿದ್ದರಿಂದ ಬೆಂಗಳೂರಿನ ಸುತ್ತ ದೊಡ್ಡ ಖರೀದಿದಾರರಿಗೆ ಜಮೀನು ಹುಡುಕುವುದು ಸಲೀಸಾಯಿತೆಂದು ವಾದಿಸಿದರು. ಆ ತೀರ್ಮಾನವನ್ನು ಒಪ್ಪದವರಿದ್ದಾರೆ. ಒಂದೆಡೆ ಸೇರಿಸಿದ ಮಾಹಿತಿ ಯಾರಿಗೆ ಒದಗುತ್ತದೆ ಎಂಬ ಅವರ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ.

ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್ ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ ಮೊಕದ್ದಮೆಯಲ್ಲಿ. 2018ರ ಸೆಪ್ಟೆಂಬರ್ 26ರ ತೀರ್ಪು ಸರ್ಕಾರಿ ಸಹಾಯಧನಕ್ಕೆ ಆಧಾರ್ ಕೇಳುವುದನ್ನು ಎತ್ತಿಹಿಡಿಯಿತು, ಖಾಸಗಿ ಸಂಸ್ಥೆಗಳು ಕೇಳುವುದಕ್ಕೆ ಕಡಿವಾಣ ಹಾಕಿತು. 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ ಬಂತು.

ಈ ಪಂಥದ ಬುದ್ಧಿವಂತರು ‘ಬೇಡ’ ಎಂದಷ್ಟೇ ಹೇಳಿ ಕೂರುವುದಿಲ್ಲ, ಆಸ್ಟ್ರಿಯಾವನ್ನು ತೋರಿಸುತ್ತಾರೆ. 2004ರ ಕಾಯ್ದೆಯಂತೆ ಅಲ್ಲಿ ಲಾಗಿನ್ ಒಂದೇ ಇದ್ದರೂ, ತೆರಿಗೆಗೆ ಒಂದು, ಆರೋಗ್ಯಕ್ಕೆ ಒಂದು ಎಂದು ಪ್ರತಿ ಕ್ಷೇತ್ರಕ್ಕೂ ಮನುಷ್ಯನ ಗುರುತುಸಂಖ್ಯೆ ಬೇರೆ. ಎರಡು ಇಲಾಖೆಗಳು ತಮ್ಮಷ್ಟಕ್ಕೇ ಕಡತ ಜೋಡಿಸಿ ನೋಡಲು ಆಗದು. ಕೀಲಿಕೈ ಒಂದೇ, ಕೋಣೆಗಳ ನಡುವೆ ಕಿಂಡಿ ಇಲ್ಲ. ಈ ಮಾದರಿಗೆ ನಮ್ಮಲ್ಲಿ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

ಇದರ ಜೊತೆಗೆ ಸ್ಥಳೀಯ ಸ್ವಾಯತ್ತತೆಯ ಮಾತೂ ಇದೆ. 1993ರಲ್ಲಿ ಜಾರಿಗೆ ಬಂದ 73, 74ನೇ ತಿದ್ದುಪಡಿಗಳು ಪಂಚಾಯಿತಿ, ನಗರಸಭೆಗಳನ್ನು ಸ್ವಯಂ ಆಡಳಿತದ ಸಂಸ್ಥೆಗಳೆಂದು ಕರೆದವು. ಆದರೆ ಗಂಗಾವತಿ ನಗರಸಭೆಯ ಆಸ್ತಿ ತಂತ್ರಾಂಶವನ್ನು ರೂಪಿಸುವುದು ಬೆಂಗಳೂರು. ಲಾಗಿನ್ ಹೇಗಿರಬೇಕು ಎಂಬುದು ಇಲ್ಲಿನ ಸದಸ್ಯರ ಸಭೆಯ ಮುಂದೆ ಬರುವ ವಿಷಯವೇ ಅಲ್ಲ.

ಮೇಜಿನ ಆಚೆ ಕುಳಿತವರು

ಮೇಲಿನ ಮೂರೂ ಪಂಥಗಳು ಒಂದು ಊಹೆಯ ಮೇಲೆ ನಿಂತಿವೆ: ತನ್ನ ಫೋನು ತನ್ನ ಕೈಯಲ್ಲಿರುವ, ತೆರೆಯ ಮೇಲಿನದನ್ನು ಓದಬಲ್ಲ ಒಬ್ಬ ವ್ಯಕ್ತಿ ತನಗಾಗಿ ತಾನೇ ಒಳಗೆ ಹೋಗುತ್ತಾನೆ. ಮರಳಿಯಲ್ಲೋ ವೆಂಕಟಗಿರಿಯಲ್ಲೋ ಹಾಗೆ ಒಳಹೋಗುವವರು ಎಷ್ಟು ಮಂದಿ? ಇಲ್ಲಿ ಮಗ ಅಪ್ಪನ ಪರವಾಗಿ, ಆಶಾ ಕಾರ್ಯಕರ್ತೆ ಬಾಣಂತಿಯ ಪರವಾಗಿ, ಅಂಗಡಿಯ ಹುಡುಗ ಇಡೀ ಓಣಿಯ ಪರವಾಗಿ ಲಾಗಿನ್ ಆಗುತ್ತಾರೆ.

ಸರ್ಕಾರವೂ ಇದನ್ನು ಅರ್ಧ ಒಪ್ಪಿಕೊಂಡಿದೆ. 2005ರ ಬೆಂಗಳೂರು ಒನ್, ಆಮೇಲಿನ ಕರ್ನಾಟಕ ಒನ್, 2020ರಲ್ಲಿ ದಾವಣಗೆರೆ ಜಿಲ್ಲೆಯಲ್ಲಿ ಪರೀಕ್ಷೆಗಿಟ್ಟು 2022ರ ಜನವರಿ 26ರಂದು ವಿಸ್ತರಿಸಿದ ಗ್ರಾಮ ಒನ್, ಪಂಚಾಯಿತಿಯ ಬಾಪೂಜಿ ಸೇವಾ ಕೇಂದ್ರ, ಇವೆಲ್ಲ ಆ ಒಪ್ಪಿಗೆಯ ಫಲ. ಒಂದು ಅರ್ಥದಲ್ಲಿ ಗ್ರಾಮ ಒನ್ ಕೇಂದ್ರದ ನಿರ್ವಾಹಕರೇ ಆ ಊರಿನ ಸಿಂಗಲ್ ಸೈನ್ ಆನ್. ಹತ್ತು ಪೋರ್ಟಲ್‌ಗಳ ದಾರಿ ಅವರಿಗೆ ಗೊತ್ತು, ಅರ್ಜಿ ಹಾಕಲು ಬಂದ ಅಕ್ಕನಿಗೆ ಅವರ ಮೇಜು ಒಂದೇ ಗೊತ್ತು. ಇದನ್ನು ಕೊರತೆ ಎಂದು ನೋಡುವವರ ಜೊತೆ ನಾನಿಲ್ಲ. ಓದು ಬಾರದವರಿಗೆ ಅರ್ಜಿ ಬರೆದುಕೊಡುವುದು ಕಚೇರಿಗಳ ಮುಂದೆ ಬಾಂಡ್ ರೈಟರುಗಳು ಲಾಗಾಯ್ತಿನಿಂದ ಮಾಡಿದ ಕೆಲಸ, ಅದಕ್ಕೊಂದು ಘನತೆಯಿದೆ.

ಆತಂಕ ಇರುವುದು ಬೇರೆ ಕಡೆ. ಬಾಂಡ್ ರೈಟರನಿಗೆ ಒಂದು ಅರ್ಜಿ ಬರೆಸಿದರೆ ಅವನ ಕೈಗೆ ಆ ಅರ್ಜಿ ಮಾತ್ರ ಹೋಗುತ್ತಿತ್ತು. ಒಂದೇ ಲಾಗಿನ್ ಬಂದ ಮೇಲೆ, ಆದಾಯ ಪ್ರಮಾಣಪತ್ರಕ್ಕೆಂದು ಹೇಳಿದ ಓಟಿಪಿಗೆ ಆಸ್ತಿಯ ಖಾತೆಯೂ ತೆರೆಯಬಹುದು. ಹತ್ತು ಬೀಗಗಳಿದ್ದದ್ದು ಕಿರಿಕಿರಿಯಾಗಿತ್ತು, ಕಾವಲೂ ಆಗಿತ್ತು. ಪರವಾಗಿ ಕೆಲಸ ಮಾಡುವುದಕ್ಕೆ ಕಾನೂನಿನ ರೂಪ ಕೊಡದೆ ತರುವ ಒಂದೇ ಲಾಗಿನ್ ನಮ್ಮ ಭಾಗದಲ್ಲಿ ಬಡವರ ಕೀಲಿಕೈ ಗೊಂಚಲನ್ನು ಪರರ ಕೈಗೆ ಕೊಡುತ್ತದೆ ಎಂಬುದು ಈ ಚರ್ಚೆಯನ್ನೆಲ್ಲ ನೋಡಿ ನಾನು ಬಂದಿರುವ ನಿಲುವು.

ಬೇರೆಡೆ ಇದಕ್ಕೆ ದಾರಿ ಹುಡುಕಿದ್ದಾರೆ. ಫ್ರಾನ್ಸಿನಲ್ಲಿ ಏಕ ಲಾಗಿನ್ ವ್ಯವಸ್ಥೆ ‘ಫ್ರಾನ್ಸ್ ಕನೆಕ್ಟ್’ ಜೊತೆಗೆ ‘ಎದಾಂ ಕನೆಕ್ಟ್’ ಎಂಬ ಇನ್ನೊಂದು ಏರ್ಪಾಡಿದೆ. ಅಧಿಕೃತ ಸಹಾಯಕರು, ನೆರವು ಬೇಡಿದವರಿಂದ ಒಪ್ಪಿಗೆಪತ್ರ ಪಡೆದು, ಯಾವ ಕೆಲಸಕ್ಕೆ, ಎಷ್ಟು ಕಾಲಕ್ಕೆ ಎಂದು ನಮೂದಿಸಿ, ತಮ್ಮ ಹೆಸರಿನಲ್ಲೇ ಒಳಹೋಗಿ ಅವರ ಪರವಾಗಿ ಕೆಲಸ ಮಾಡುತ್ತಾರೆ. ಪಾಸ್‌ವರ್ಡ್ ಕೈ ಬದಲಾಗುವುದಿಲ್ಲ. ಯಾರು ಏನು ಮಾಡಿದರೆಂಬ ಗುರುತು ಉಳಿಯುತ್ತದೆ. ‘ಭೂಮಿ’ಯಲ್ಲಿ ಅಧಿಕಾರಿಯ ಬೆರಳಚ್ಚು ಮಾಡಿದ್ದೂ ಇದೇ ಕೆಲಸ.

ಮೇಜಿನ ಆಚೆ ಇನ್ನೊಬ್ಬರಿದ್ದಾರೆ. 2024ರ ಸೆಪ್ಟೆಂಬರಿನಲ್ಲಿ, ಮತ್ತೆ 2025ರ ಫೆಬ್ರುವರಿಯಲ್ಲಿ ರಾಜ್ಯದ ಗ್ರಾಮ ಆಡಳಿತ ಅಧಿಕಾರಿಗಳು ಮುಷ್ಕರ ಹೂಡಿದರು. ಲ್ಯಾಪ್‌ಟಾಪಿಲ್ಲ, ಕೂರಲು ಕಚೇರಿಯಿಲ್ಲ, ಹತ್ತಾರು ಆ್ಯಪ್‌ಗಳ ಕೆಲಸವನ್ನು ಸ್ವಂತ ಫೋನಿನಲ್ಲೇ ಮಾಡಬೇಕಾಗಿದೆ ಎಂಬುದು ಅವರ ದೂರುಗಳಲ್ಲಿ ಮುಖ್ಯವಾಗಿತ್ತು. ಒಂದೇ ಲಾಗಿನ್ ಅವರಿಗೂ ಬೇಕು ಎಂದು ಕೇಳಿದವರನ್ನು ನಾನು ಹೆಚ್ಚು ಕಂಡಿಲ್ಲ.

ಬಗೆಹರಿಯದೆ ಉಳಿದವು

ಮೊದಲನೆಯದು ಮೊಬೈಲ್ ಸಂಖ್ಯೆ. ಗುರುತಿನ ಇಡೀ ಕಟ್ಟಡ ಒಂದು ಸಿಮ್ ಮೇಲೆ ನಿಂತಿದೆ. ಬಳಕೆ ನಿಂತು ರದ್ದಾದ ಸಂಖ್ಯೆಯನ್ನು 90 ದಿನಗಳ ನಂತರ ಬೇರೆಯವರಿಗೆ ಕೊಡಬಹುದು. ಗುಳೆ ಹೋಗಿ ಸಿಮ್ ಬದಲಿಸಿದ ಯಲಬುರ್ಗಾದ ಕೂಲಿಯವನ ಓಟಿಪಿ ಆಮೇಲೆ ಯಾರಿಗೆ ಬರುತ್ತದೆ? ಮೇಜಿನೆದುರು ಬೆರಳಚ್ಚನ್ನೋ ಮುಖವನ್ನೋ ತೋರಿಸಿ ಕೆಲಸ ಮಾಡಿಸಿಕೊಳ್ಳುವ ದಾರಿ ಎಲ್ಲ ಸೇವೆಗಳಿಗೂ ಇರಬೇಕೆ? ನಾಟಿ ಮಾಡಿ ಸವೆದ ಬೆರಳು ಯಂತ್ರಕ್ಕೆ ಹತ್ತದಿದ್ದರೆ ಮುಂದೇನು?

ಎರಡನೆಯದು ತಿದ್ದುಪಡಿಯ ಹೊಣೆ. ದಾಖಲೆಗಳು ಒಂದಕ್ಕೊಂದು ಬೆಸೆದ ಮೇಲೆ ತಪ್ಪು ಎಲ್ಲಿ ಹುಟ್ಟಿತೆಂದು ಹುಡುಕುವವರು ಯಾರು? ಸಕಾಲದ ಗಡುವು ಅರ್ಜಿಗೆ ಉಂಟು. ಹೆಸರು ಹೊಂದದೆ ಅರ್ಜಿಯನ್ನೇ ಹಾಕಲಾಗದವನ ಗಡುವು ಎಲ್ಲಿಂದ ಎಣಿಕೆಯಾಗಬೇಕು?

ಮೂರನೆಯದು ಒಡೆತನ. ಕೀಲಿಕೈ ಕೇಂದ್ರದ ಮೇರಿ ಪೆಹಚಾನ್ ಆಗಿರಬೇಕೆ, ರಾಜ್ಯದ್ದಾಗಿರಬೇಕೆ, ಅದರ ನಿಯಮ ಬರೆಯುವಾಗ ನಗರಸಭೆ–ಪಂಚಾಯಿತಿಗಳಿಗೆ ಮಾತಿರಬೇಕೆ? ಕುಟುಂಬದ ಗುರುತು ಮತ್ತು ವ್ಯಕ್ತಿಯ ಗುರುತಿನ ನಡುವೆಯೂ ತೀರ್ಮಾನವಾಗಿಲ್ಲ. ಮನೆ ಬಿಟ್ಟು ಬಂದ ಹೆಣ್ಣುಮಗಳ ಹೆಸರು ಗಂಡನ ಪಡಿತರ ಚೀಟಿಯಲ್ಲೇ ಇರುವಾಗ ‘ಕುಟುಂಬ’ ಅವಳನ್ನು ಯಾರ ಮನೆಯವಳೆಂದು ಓದಬೇಕು ಎಂಬುದಕ್ಕೆ ತಂತ್ರಾಂಶದಲ್ಲಿ ಉತ್ತರವಿಲ್ಲ.

ಕೊನೆಯದು ಚಿಕ್ಕದಾಗಿ ಕಾಣುತ್ತದೆ: ಲಾಗೌಟ್. ಒಮ್ಮೆ ಒಳಹೋದರೆ ಎಲ್ಲ ಬಾಗಿಲು ತೆರೆಯುವ ವ್ಯವಸ್ಥೆಯಲ್ಲಿ, ಒಮ್ಮೆ ಹೊರಬಂದರೆ ಎಲ್ಲವೂ ಮುಚ್ಚುವಂತೆ ಮಾಡುವುದು ತಂತ್ರಜ್ಞರಿಗೆ ಇಂದಿಗೂ ಕಷ್ಟದ ಕೆಲಸ. ಪ್ರತಿ ಪೋರ್ಟಲ್ ತನ್ನ ಚೀಟಿಯನ್ನು ತಾನು ಹಿಡಿದುಕೊಂಡಿರುತ್ತದೆ. ಸ್ವಂತ ಫೋನಿನಲ್ಲಿ ಅದರ ಚಿಂತೆ ಅಷ್ಟಿಲ್ಲ. ಆನ್‌ಲೈನ್ ಸೆಂಟರಿನಲ್ಲಿ ಪ್ರಮಾಣಪತ್ರದ ಪ್ರಿಂಟ್ ಮಡಚಿಕೊಂಡು ತಾಯಿ ಎದ್ದು ಬಸ್ಸಿಗೆ ಹೋದ ಮೇಲೆ ಅವಳ ಹೆಸರಿನ ಬಾಗಿಲುಗಳು ಆ ಕಂಪ್ಯೂಟರಿನಲ್ಲಿ ಎಷ್ಟು ಹೊತ್ತು ತೆರೆದಿರಬೇಕು, ಅವನ್ನು ಮುಚ್ಚುವ ಹೊಣೆ ಅವಳದೋ, ಅಂಗಡಿಯವನದೋ, ಸರ್ಕಾರದ್ದೋ ಎಂಬುದು ಇನ್ನೂ ತೀರ್ಮಾನವಾಗಬೇಕಿದೆ.